ಆಕಾಶದಲ್ಲಿದ್ದ ಕೈ

"ಚಹಾ ಆಯ್ತಾ, ನಾರ್ಮನ್?" ಎಂದು ಶೆಫೀಲ್ಡಿನ ಆ ಹಳೆಯ ಚಿತ್ರಮಂದಿರದಲ್ಲಿ ಎಲ್ಲರೂ ಒಟ್ಟಿಗೆ ಕೂಗಿ ಪರದೆಯತ್ತ ಕೈಬೀಸಿದರು. ಆದರೆ ಅಲ್ಲಿ ಅಂತರಿಕ್ಷನೌಕೆಯೊಂದೇ ತೇಲುತ್ತಿತ್ತು. ಪ್ರತಿವರ್ಷ ಈ ಹಳೆಯ ಸಿನಿಮಾ ತೋರಿಸಿದಾಗಲೂ ಅದನ್ನು ಹಿಂದಿನಿಂದ ತಳ್ಳುತ್ತಿದ್ದ, ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿದ ಕೈ ಕಾಣಲಿಲ್ಲ. ಬೀಸುತ್ತಿದ್ದ ಕೈಗಳು ಗೊಂದಲದಿಂದ ಕೆಳಗಿಳಿದವು.

ಚಿತ್ರೀಕರಣದಲ್ಲಿ ನೌಕೆಯ ಪುಟ್ಟ ಮಾದರಿಯನ್ನು ತಳ್ಳುವಾಗ ತಪ್ಪಿ ಸೆರೆಯಾಗಿದ್ದ ಆ ಕೆಲಸಗಾರನ ಕೈಗೆ ತಾವೇ ನಾರ್ಮನ್ ಎಂದು ಹೆಸರಿಟ್ಟು ಹೀಗೆ ಮಾತಾಡಿಸುವುದು ಅಭಿಮಾನಿಗಳ ಹಳೆಯ ರೂಢಿ. ಅದು ತನ್ನಪ್ಪನ ಕೈಯೆಂದು ಹಿಲರಿ ಯಾರಿಗೂ ಹೇಳಿರಲಿಲ್ಲ. ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದ ಅಪ್ಪ ಅಲುಗಾಡುವುದನ್ನು ಅವಳು ನೋಡಿದ್ದು ಈ ದೃಶ್ಯದಲ್ಲಿ ಮಾತ್ರ.

"ಹೊಸ ಪ್ರಿಂಟು ಕಣೇ," ಎಂದು ಪಕ್ಕದಲ್ಲಿದ್ದ ಅಭಿಮಾನಿ ಸಂಘದ ಕಾರ್ಯದರ್ಶಿ ಡೆಸ್ಮಂಡ್ ಹೆಮ್ಮೆಯಿಂದ ಪಿಸುಗುಟ್ಟಿದ. "ಗೀರು, ಕಲೆ, ಆ ಕೈ, ಕಸ ಎಲ್ಲ ತೆಗೆಸಿಬಿಟ್ವಿ. ಎಷ್ಟು ಚೆನ್ನಾಗಿ ಕಾಣುತ್ತೆ ನೋಡು."

ಕೊನೆಯ ಸಾಲಿನಲ್ಲಿದ್ದ ಹಿಲರಿ ಎದ್ದು ನಿಂತು ಪ್ರೊಜೆಕ್ಟರಿನ ಬೆಳಕಿಗೆ ಅಡ್ಡವಾಗಿ ಕೈಯೆತ್ತಿದಳು. ನಕ್ಷತ್ರಗಳ ನಡುವೆ ದೊಡ್ಡ ನೆರಳೊಂದು ಮೂಡಿ ನೌಕೆಯ ಬೆನ್ನು ಮುಟ್ಟಿತು.

"ಯಾರ್ರೀ ಅದು, ಕೈ ಇಳಿಸ್ರೀ," ಎಂದು ಮುಂದಿನವರು ತಿರುಗಿ ಗದರಿದರು. "ಸಿನಿಮಾ ಹಾಳಾಗ್ತಿದೆ."

ನೌಕೆ ಪರದೆಯ ಅಂಚು ದಾಟುವವರೆಗೂ ಅವಳು ಅದನ್ನು ಮೆಲ್ಲಗೆ ತಳ್ಳುತ್ತಲೇ ಇದ್ದಳು.