ಚಳಿಗಾಲಕ್ಕೊಂದು ಖಾಲಿ ಡಿಸ್ಕ್

ದರ್ಜಿ ಸುಳ್ಳು ಹೇಳುತ್ತಿದ್ದ. ಅದೂ ಕಣ್ಣು ಮಿಟುಕಿಸದೆ.

"ಅಬ್ಬಬ್ಬಾ, ಏನ್ ಸಿನಿಮಾ ಸಾರ್! ಆ ಕನ್ನಡಿ ಸೀನಿಗೆ ನಮ್ಮನೇವಳು ಕಿರುಚೇಬಿಟ್ಟಳು."

ಡಿಸ್ಕ್ ಅಂಗಡಿಯವನು ಹಲ್ಲು ಕಚ್ಚಿಕೊಂಡು ಡಬ್ಬಿ ವಾಪಸು ತೆಗೆದುಕೊಂಡ. ಈ ಮಹಾಶಯನಿಗೆ ಅವನು ಕೊಟ್ಟಿದ್ದು ಖಾಲಿ ಡಿಸ್ಕ್. ಅದರಲ್ಲಿ ಕನ್ನಡಿಯೂ ಇರಲಿಲ್ಲ, ಮಣ್ಣಾಂಗಟ್ಟಿಯೂ ಇರಲಿಲ್ಲ.

ಊರಲ್ಲಿ ಉಳಿದಿದ್ದ ಕೊನೆಯ ಬಾಡಿಗೆ ಡಿಸ್ಕ್ ಅಂಗಡಿ ಅದು. ಚಳಿ ಶುರುವಾಯಿತೆಂದರೆ ಬಾಗಿಲಿಗೆ ಹಲಗೆ ಏರುತ್ತಿತ್ತು: 'ಈ ಚಳಿಗಾಲಕ್ಕೆ, ಹೆಚ್ಚು ಜನ ನೋಡಿರದ ಸೈಕಲಾಜಿಕಲ್ ಹಾರರ್ ಚಿತ್ರಗಳು'. ಹೆಸರಾದ ಚಿತ್ರ ಯಾರಾದರೂ ಕೇಳಿದರೆ, "ಅದನ್ನ ನಿಮ್ಮಜ್ಜಿನೂ ನೋಡಿರ್ತಾರೆ, ಬಿಡ್ರೀ" ಎಂದು ಮೂಗು ಮುರಿಯುತ್ತಿದ್ದ. ದೂರ ದೇಶದ್ದು, ಯಾರ ಬಾಯಲ್ಲೂ ಹೆಸರು ಹೊರಳದ್ದು, ಅಂಥದ್ದೇ ಅವನಿಗೆ ಬೇಕು. ಅಂಗಡಿಯ ಟೀವಿಯಲ್ಲಿ ಮಾತ್ರ ಹಗಲಿಡೀ ಪ್ರೇಮಗೀತೆ. ಹಾರರ್ ಚಿತ್ರಗಳನ್ನು ಇಂಥ ಜನರೆದುರು ಹಾಕುವುದು ಚಿತ್ರಕ್ಕೇ ಅವಮಾನ ಎನ್ನುತ್ತಿದ್ದ.

ಆದರೆ ಕಥೆ ಹೇಳಲು ಕೂತನೆಂದರೆ, ಅಬ್ಬಾ! "ಒಬ್ಬಳು ಹೆಂಗಸು. ಒಂಟಿ. ದಿನಾ ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ದಿಂಬು ಬೆಚ್ಚಗಿರುತ್ತೆ." ಗಿರಾಕಿಗಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಸರಿಯಾಗಿ ನಡುವಿನಲ್ಲಿ ನಿಲ್ಲಿಸಿ, "ಮುಂದಿನದು ಮನೇಲಿ ನೋಡ್ಕೊಳ್ಳಿ" ಎಂದು ಡಬ್ಬಿ ದೂಡುತ್ತಿದ್ದ.

ಈ ಸಲ ಅವನ ತಲೆಗೆ ಸಂಶಯದ ಹುಳ ಹೊಕ್ಕಿತು. ಒಂದೇ ಚಿತ್ರಕ್ಕೆ ಇಬ್ಬರು ಎರಡು ಬೇರೆ ಬೇರೆ ಅಂತ್ಯ ಹೇಳಿದರು. ಯಾರದು ತಪ್ಪೆಂದು ಅವನು ಇಬ್ಬರಿಗೂ ಹೇಳಲಿಲ್ಲ. ಅಂದಿನಿಂದ ಡಬ್ಬಿಗಳೊಳಗೆ ಖಾಲಿ ಡಿಸ್ಕ್ ಇಟ್ಟು ಕಳಿಸತೊಡಗಿದ. ಬ್ಯಾಂಕ್ ಗುಮಾಸ್ತ ಹೊಗಳಿದ. ಔಷಧಿ ಅಂಗಡಿಯವನು ಹೊಗಳಿದ. ಈಗ ದರ್ಜಿ.

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ನೋಡದೇ ನೋಡಿದೆ ಅನ್ನೋರ ನಾಲಿಗೆಗೆ ಹುಳ ಬೀಳ!" ಮನೆಯಲ್ಲಿ ಹೆಂಡತಿಯೆದುರು ಕೂಗಾಡಿದ.

ಹೆಂಡತಿ ಅವನನ್ನೇ ಒಂದು ಗಳಿಗೆ ನೋಡಿದಳು. "ಯಾಕ್ರೀ ಸುಮ್ಮನೆ ಶಾಪ ಹಾಕ್ತೀರಾ? ಬಿಡ್ತು ಅನ್ನಿ."

"ಇನ್ನು ಉಳಿದಿರೋದು ನರ್ಸಮ್ಮ ಒಬ್ಬರೇ. ಆಯಮ್ಮನೂ ಬುರುಡೆ ಬಿಟ್ಟರೆ ಮುಗೀತು, ಶಟರ್ ಎಳೆದುಬಿಡ್ತೀನಿ. ಮತ್ತೆ ತೆಗೆಯಲ್ಲ."

ನಿವೃತ್ತ ನರ್ಸಮ್ಮ ಅವನ ಮೊದಲ ಗಿರಾಕಿ. ಇಡೀ ಊರಲ್ಲಿ ಅವನು ಗೌರವಿಸುತ್ತಿದ್ದ ಒಂದೇ ಜೀವ. ಆಕೆಗೂ ದಿಂಬಿನ ಕಥೆ ಅರ್ಧ ಹೇಳಿ ಖಾಲಿ ಡಿಸ್ಕ್ ಕೊಟ್ಟಿದ್ದ. ಈಕೆಯಾದರೂ ಬಂದು, "ಏನಪ್ಪಾ, ಇದು ಖಾಲಿ" ಎಂದರೆ ಸಾಕಿತ್ತು, ಅಂಗಡಿ ಉಳಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಆಕೆ ಬಂದರು. ಕಣ್ಣು ಕೆಂಪಗಿತ್ತು.

"ಕಣ್ಣಿಗೆ ನಿದ್ದೆ ಹತ್ತಿಲ್ಲ ಕಣಪ್ಪ. ಪಕ್ಕದ ದಿಂಬು ಮುಟ್ಟೋಕೂ ಹೆದರಿಕೆ."

ಅವನಿಗೆ ಸಿಟ್ಟು ನೆತ್ತಿಗೇರಿತು. "ನೀವೂನಾ? ಅದು ಖಾಲಿ ಡಿಸ್ಕು! ಏನೂ ಇಲ್ಲ ಅದರಲ್ಲಿ! ಇಷ್ಟು ವಯಸ್ಸಾಗಿದೆ, ನಾಚಿಕೆ ಆಗಲ್ವಾ ನಿಮಗೆ?" ಶಟರ್ ಎಳೆಯುವ ಕೊಕ್ಕೆ ಆಗಲೇ ಅವನ ಕೈಯಲ್ಲಿತ್ತು.

ನರ್ಸಮ್ಮ ಬೆಚ್ಚಲಿಲ್ಲ. ಬೆಂಚಿನ ಮೇಲೆ ನಿಧಾನವಾಗಿ ಕೂತರು.

"ಎಳೀಬೇಡ, ತಾಳು. ಪ್ಲೇಯರ್ ಈಗ ಯಾರ ಮನೇಲಿದೆ ಹೇಳು? ಎಲ್ಲಾ ಗುಜರಿಗೆ ಹೋಗಿ ಯಾವ ಕಾಲ ಆಯ್ತು. ನಿದ್ದೆಗೆಟ್ಟಿದ್ದು ಮಾತ್ರ ನಿಜ, ನೀನು ಹೇಳಿದ್ದು ಕೇಳಿ. ಡಿಸ್ಕ್ ತಗೊಂಡರೆ ತಾನೇ ನೀನು ಕಥೆ ಹೇಳೋದು? ಕೊನೆ ನಾವೇ ಕಟ್ಕೋತೀವಿ."

"ಅಂದ್ರೆ ಅಸಲಿ ಸಿನಿಮಾ ನೋಡೋ ಯೋಗ್ಯತೆ ಈ ಊರಿಗೇ ಇಲ್ಲ ಅನ್ನಿ!" ಅವನ ತುಟಿ ಕೊಂಕಿತು.

"ನೋಡಿದ್ವಪ್ಪ, ಪ್ಲೇಯರ್ ಇದ್ದಾಗ ನಿನ್ನ ಡಿಸ್ಕ್ ಒಂದನ್ನ, ಎಲ್ಲರೂ ಸೇರಿಕೊಂಡು," ನರ್ಸಮ್ಮ ದನಿ ತಗ್ಗಿಸಿದರು. "ನೀನು ಹೇಳಿದ್ದ ಒಂದು ಸೀನೂ ಅದರಲ್ಲಿ ಇರಲಿಲ್ಲ. ಆವತ್ತೇ ಊರಿಗೆಲ್ಲ ಗೊತ್ತಾಯ್ತು, ಹೆದರಿಕೆಗೆ ನೀನು ಇವ್ಯಾವುದನ್ನೂ ನೋಡೇ ಇಲ್ಲ ಅಂತ."