ಪಕ್ಕದ ಮನೆಯ ಬೆಲೆ

ಅಳತೆಯ ಟೇಪು ಸರ್ರನೆ ಡಬ್ಬಿಯೊಳಗೆ ಸೇರಿಕೊಂಡಿತು. "ಈ ಹದಿನಾರನೇ ನಂಬರಿಗೂ ಪಕ್ಕದ ಹದಿನೆಂಟಕ್ಕೂ ಒಂದಿಂಚು ವ್ಯತ್ಯಾಸ ಇಲ್ಲ" ಎಂದ ಗ್ರಹಾಂ. ಮನೆ ಮಾರಿಸುವ ಕಚೇರಿಯಿಂದ ಬೆಲೆ ಕಟ್ಟಲು ಬಂದವನು. "ಕೆಳಗೆರಡು ಕೋಣೆ, ಮೇಲೆರಡು. ಇಡೀ ಸಾಲೇ ಒಂದೇ ಅಚ್ಚಲ್ಲಿ ಹೊಯ್ದ ಹಾಗಿದೆ."

"ಒಂದೇ ಅಚ್ಚಾ?" ಹದಿನೆಂಟನೇ ನಂಬರಿನ ಹಿಲ್ಡಾ ಸಿಡಿದಳು. ಪೈ ಬೇಯಿಸಲು ಒಯ್ದಿದ್ದ ತಟ್ಟೆ ವಾಪಸು ಕೊಡುವ ನೆಪದಲ್ಲಿ ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಬಂದವಳು, ತಟ್ಟೆ ಕೊಟ್ಟಾದ ಮೇಲೂ ಕುರ್ಚಿ ಬಿಟ್ಟಿರಲಿಲ್ಲ. "ನನ್ನ ಮನೆ ಮೆಟ್ಟಿಲು ನೋಡ್ದ್ಯಾ ಮರಿ? ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದೀನಿ. ಮಹಾರಾಣಿ ಬಂದ್ರೆ ಅದ್ರಲ್ಲೇ ಮುಖ ನೋಡ್ಕೊಂಡು ಕಿರೀಟ ಸರಿ ಮಾಡ್ಕೋಬಹುದು. ಇವನ ಮೆಟ್ಟಿಲು ನೋಡು, ಆಲೂಗಡ್ಡೆ ಬಿತ್ತಬಹುದು!"

"ಬಿತ್ತು ಕಣೇ. ಸಿಪ್ಪೆ ತೆಗೆಯೋಕೆ ನಾನಿದೀನಿ" ಎಂದ ಮನೆಯ ಯಜಮಾನ ವಿಲ್ಫ್. ಹೆಂಡತಿ ತೀರಿಕೊಂಡ ಮೇಲೆ ಈ ಮುದಿ ಬಸ್ ಡ್ರೈವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲಿ ಒಂಬತ್ತು ಹಿಲ್ಡಾಳಿಗೆ ಕೊಡುವ ಉತ್ತರಗಳು. ಕಳೆದ ಚಳಿಗಾಲದಲ್ಲಿ ಅವನು ಮಹಡಿ ಮೆಟ್ಟಿಲಿಂದ ಜಾರಿಬಿದ್ದಂದಿನಿಂದ ಮಗಳು ಮೌರೀನ್‌ಗೆ ನಿದ್ದೆಯಿಲ್ಲ. ಸಮುದ್ರದ ಕಡೆಯ ಊರಿನಲ್ಲಿ, ತನ್ನದೇ ಬೀದಿಯಲ್ಲಿ, ಮೆಟ್ಟಿಲಿಲ್ಲದ ಪುಟ್ಟ ಮನೆಯೊಂದನ್ನು ಅಪ್ಪನಿಗೆಂದು ಹುಡುಕಿಟ್ಟು, ಇವತ್ತು ಈ ಮನೆಯ ಬೆಲೆ ಕೇಳಲೆಂದೇ ಬಂದಿದ್ದಳು. ಆ ಪುಟ್ಟ ಮನೆಗೆ ಮೂವತ್ತು ಸಾವಿರ ಪೌಂಡು ಬೇಕು. "ಈ ಮನೆಗೆ ಅಷ್ಟು ಬಂದ್ರೆ ಬರ್ತೀನಿ. ಒಂದು ಪೌಂಡು ಕಮ್ಮಿ ಆದ್ರೂ ಇಲ್ಲೇ ಇರ್ತೀನಿ" ಎಂದು ಅಪ್ಪ ಮಾತು ಕೊಟ್ಟಿದ್ದ.

ಗ್ರಹಾಂ ಹಾಳೆ ತೆಗೆದ. "ಇದೇ ಸಾಲಿನಲ್ಲಿ ಇತ್ತೀಚೆಗೆ ಮಾರಾಟ ಆದದ್ದು ಮೂರು. ನಾಲ್ಕನೇ ನಂಬರು ಮೂವತ್ತೊಂದು ಸಾವಿರ. ಇಪ್ಪತ್ತೆರಡನೇ ನಂಬರು ಇಪ್ಪತ್ತೊಂಬತ್ತೂವರೆ ಸಾವಿರ. ಆದ್ರೆ ನಿಮ್ಮ ಗೋಡೆಗೆ ಅಂಟಿಕೊಂಡಿರೋ ಇವರ ಹದಿನೆಂಟು ಬರೀ ಹನ್ನೆರಡು ಸಾವಿರಕ್ಕೆ ಹೋಗಿದೆ. ಅದೇ ಅಳತೆ, ಅದೇ ಇಟ್ಟಿಗೆ. ಕೊಳ್ಳೋರು ಮೊದಲು ಅದನ್ನೇ ತೋರಿಸ್ತಾರೆ. ಇಪ್ಪತ್ತನಾಲ್ಕು ಸಾವಿರದ ಮೇಲೆ ನಾನು ಹೇಳೋ ಹಾಗಿಲ್ಲ."

ಇಪ್ಪತ್ತನಾಲ್ಕು! ಹಿಲ್ಡಾಳ ಎದೆಯೊಳಗೆ ಊರಿನ ಬ್ಯಾಂಡು ವಾದ್ಯದವರೆಲ್ಲ ಒಟ್ಟಿಗೆ ಎದ್ದು ನಿಂತರು. ಹಾಗಾದರೆ ನಾಳೆಯೂ ಈ ಕುರ್ಚಿ, ನಾಳಿದ್ದೂ. ವಿಲ್ಫ್ ಹಿಂದಿನಂತೆಯೇ ಸಕ್ಕರೆ ಹೆಚ್ಚು ಹಾಕಿ ಚಹಾ ಕೆಡಿಸುತ್ತಾನೆ, ತಾನು ಬೈಯುತ್ತ ಎರಡನೇ ಕಪ್ಪಿಗೂ ಕೈ ಚಾಚಬಹುದು. ಆದರೂ ಅವಳು ವಿಲ್ಫ್‌ನ ಬಾಯನ್ನೇ ನೋಡಿದಳು. ಹದಿನೆಂಟರ ಕಥೆ ಅವನಿಗೆ ಗೊತ್ತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ. ವಿಲ್ಫ್ ಚಹಾ ಊದುತ್ತ ಕೂತ. ಮರೆತಿದ್ದಾನೆ ಮುದುಕ, ಅಂದುಕೊಂಡಳು.

"ಹೋಗ್ಲಿ ಬಿಡಿ" ಎಂದಳು ಮೌರೀನ್. ಗೋಡೆಯ ಕಡೆ ತಿರುಗಿ, ತೊಳೆದಿಟ್ಟ ಕಪ್ಪನ್ನೇ ಮತ್ತೆ ತೊಳೆಯತೊಡಗಿದಳು. ಆ ಹುಡುಗಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದು ಹಿಲ್ಡಾಳ ಕೈ. ಮಹಡಿ ಮೆಟ್ಟಿಲ ಬುಡದಲ್ಲಿ ಬಿದ್ದು ನರಳುತ್ತಿದ್ದ ವಿಲ್ಫ್‌ನನ್ನು ಮೊದಲು ಕಂಡದ್ದೂ ಅವಳೇ. ಇನ್ನು ಅವಳಿಂದ ತಡೆಯಲಾಗಲಿಲ್ಲ.

"ಹನ್ನೆರಡು ಸಾವಿರ ನನ್ನ ಮನೆ ಬೆಲೆ ಅಲ್ಲ ಕಣೋ ಮರಿ, ನನ್ನ ಹಠದ ಬೆಲೆ! ಮದುವೆಯಾಗಿ ಬಂದಾಗಿಂದ ಅಲ್ಲಿ ಬಾಡಿಗೆಗೆ ಕೂತಿದ್ದೆ. ಅಂಥ ಹಳೇ ಬಾಡಿಗೆದಾರಳನ್ನ ಎಬ್ಬಿಸೋಕೆ ಕಾನೂನಿನಲ್ಲಿ ಯಾರಪ್ಪನ ಕೈಲೂ ಆಗಲ್ಲ. ಒಳಗೆ ಮುದುಕಿ ಇರೋ ಮನೇನ ಇನ್ಯಾರು ಕೊಳ್ತಾರೆ, ಹೇಳು? ಮಾಲೀಕ ಹತ್ತು ವರ್ಷ ನಾನು ಸಾಯಲಿ ಅಂತ ಕಾದ. ಕಾದು ಕಾದು ಅವನಿಗೇ ಜ್ವರ ಬಂತು. ಕೊನೆಗೆ ಸಿಕ್ಕಿದ ಬೆಲೆಗೆ ನನಗೇ ಮಾರಿ ಓಡಿಹೋದ! ಸುಳ್ಳಾದ್ರೆ ಇವನನ್ನೇ ಕೇಳು. ವಕೀಲರ ಕಾಗದ ನನಗೆ ಸಾಲು ಸಾಲೂ ಓದಿ ಹೇಳಿ, ಸಾಕ್ಷಿಗೆ ಸಹಿ ಹಾಕಿದ್ದೇ ಇವ..."

ಮಾತು ಅಲ್ಲೇ ನಿಂತಿತು.

"ಅಯ್ಯೋ, ಹಾಗಾದ್ರೆ ಅದು ಲೆಕ್ಕಕ್ಕೇ ಬರಲ್ಲ!" ಗ್ರಹಾಂ ಹಾಳೆಯಲ್ಲಿ ಒಂದು ಗೆರೆ ಎಳೆದ. "ಮೂವತ್ತಕ್ಕೆ ಮೋಸವಿಲ್ಲ ಸಾರ್."

ಮೌರೀನ್ ಒದ್ದೆ ಕೈಯಲ್ಲೇ ಹಿಲ್ಡಾಳನ್ನು ತಬ್ಬಿಕೊಂಡಳು. "ಆಂಟಿ, ನೀವಿಲ್ಲದಿದ್ರೆ ಏನು ಗತಿಯಾಗ್ತಿತ್ತು!" ಎಂದು ಕೆನ್ನೆಗೆ ಮುತ್ತಿಟ್ಟು, ಗ್ರಹಾಂನನ್ನು ಕಳಿಸಲು ಮುಂಬಾಗಿಲಿಗೆ ಓಡಿದಳು.

ಅಡುಗೆಮನೆಯಲ್ಲಿ ಇಬ್ಬರೇ ಉಳಿದರು.

"ಮರೆತಿದ್ದೀಯ ಅಂದ್ಕೊಂಡೆ ಕಣೋ" ಎಂದಳು ಹಿಲ್ಡಾ. ಅಷ್ಟು ಸಣ್ಣ ದನಿ ಅವಳ ಗಂಟಲಲ್ಲಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ವಿಲ್ಫ್ ಖಾಲಿ ಕಪ್ಪನ್ನು ಮೇಜಿನ ಮೇಲಿಟ್ಟ.

"ಇಷ್ಟು ವರ್ಷ ನೀನು ಮಾತಾಡಿದ್ದೆಲ್ಲ ನನಗೆ ಗೋಡೆ ದಾಟಿ ಕೇಳಿಸ್ತು. ಇವತ್ತು ಎದುರಿಗೇ ಕೂತು ನಾನು ಸುಮ್ಮನಿದ್ದದ್ದು ನಿನಗೆ ಕೇಳಿಸ್ಲಿಲ್ವಲ್ಲೇ ಹಿಲ್ಡಾ."