ಹಾಲವ್ವನ ತಂಗಳು ರೊಟ್ಟಿ

ನಿನ್ನೆ ಉಳಿದ ಪಿಜ್ಜಾವನ್ನು ತವೆಯ ಮೇಲಿಟ್ಟು ನಾಲ್ಕು ಹನಿ ನೀರು ಚಿಮುಕಿಸಿದಾಗಲೆಲ್ಲ, ಅಡುಗೆಮನೆಯಲ್ಲಿ ಒಬ್ಬಳೇ ಇದ್ದರೂ ನನಗೆ ತಲೆ ತಗ್ಗಿಸುವಂತಾಗುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಎಂಟು ವರ್ಷವಿರಬೇಕು. ಚನ್ನಗಿರಿಯ ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದ ಹಾಲವ್ವನಿಗೆ ಅಜ್ಜಿಯಷ್ಟೇ ವಯಸ್ಸು. ಅವಳಿಗೆ ಹಿಂದಿನ ದಿನದ ಜೋಳದ ರೊಟ್ಟಿ ಕೊಡುವುದು ರೂಢಿ. ಕೈ ತಾಗದಂತೆ, ಮೇಲಿನಿಂದ ಸೆರಗಿಗೆ ಹಾಕಬೇಕು ಎಂದು ಅಜ್ಜಿ ಕಲಿಸಿದ್ದರು. ಆ ಮಧ್ಯಾಹ್ನ ಅಜ್ಜಿ ಒಳಗೆ ಎಲೆ-ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರಿಂದ, ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಹಾಲವ್ವನ ಒಂದು ಕೆನ್ನೆ ಊದಿಕೊಂಡಿತ್ತು. ಸೆಟೆದುಕೊಂಡ ರೊಟ್ಟಿಯನ್ನು ಮುಟ್ಟಿ ನೋಡಿ, "ಪುಟ್ಟವ್ವಾ, ಹಲ್ಲು ಬಾಳ ನೋಯ್ತೈತೆ. ಒಲೆ ಇನ್ನೂ ಆರಿಲ್ಲ. ಹಂಚಿನ ಮ್ಯಾಲೆ ಒಂದೀಟು ನೀರು ಚಿಮುಕ್ಸಿ ಮೆತ್ತಗೆ ಮಾಡ್ಕೊಡ್ತೀಯಾ?" ಎಂದಳು.

ನಾನು ಸೊಂಟಕ್ಕೆ ಕೈ ಕೊಟ್ಟು ನಿಂತೆ. "ಕೊಡೋದೇ ಹೆಚ್ಚು. ಬಿಸಿ ಬೇರೆ ಮಾಡ್ಕೊಡಾಕೆ ನಾನೇನು ನಿನ್ನ ಮನೆ ಆಳೇನೇ?"

ಒಳಗಿನಿಂದ ಅಜ್ಜಿ ಗೊಳ್ಳೆಂದು ನಕ್ಕರು. "ಕೇಳಿದೇನೇ ಹಾಲವ್ವ? ಥೇಟ್ ನನ್ನ ಮಾತೇ ಬಂದೈತೆ ಇದರ ಬಾಯಾಗೆ."

"ಹೂಂನ್ರವ್ವ, ನಿಮ್ಮ ಮೊಮ್ಮಗಳಲ್ಲೇನ್ರಿ" ಎಂದು ಹಾಲವ್ವನೂ ನಕ್ಕಳು, ಕೆನ್ನೆಗೆ ಕೈ ಒತ್ತಿಕೊಂಡೇ. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ರೊಟ್ಟಿಯನ್ನು ಚೂರು ಮಾಡಿ ತಂಬಿಗೆಯ ತಣ್ಣೀರಿನಲ್ಲಿ ನೆನೆಸತೊಡಗಿದಳು.

ನನಗೆ ಅದೆಷ್ಟು ಹೆಮ್ಮೆಯೆಂದರೆ, ಸಂಜೆ ಅಂಗಡಿಯಿಂದ ಬಂದ ಅಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿ ಆ ಮಾತನ್ನು ಇನ್ನೊಮ್ಮೆ ಆಡಿ ತೋರಿಸಿದೆ. ಅಪ್ಪ ನಗುತ್ತ ನನ್ನನ್ನು ಎತ್ತಿಕೊಂಡರು.